ಟಾಮಿ ಅನ್ನೋ ಟೆಸ್ಟ್ ಯೂಸರ್

ನಮ್ಮಲ್ಲಿ ಟಾಮಿ ಅಂದ ಕೂಡಲೇ ನೆನಪಾಗೋದು ನಾಯಿ. ಗೇಟಿನ ಮೇಲೆ 'ನಾಯಿ ಇದೆ ಎಚ್ಚರಿಕೆ' ಅನ್ನೋ ಬೋರ್ಡು, ಒಳಗೆ ಬಾಲ ಅಲ್ಲಾಡಿಸೋ ಟಾಮಿ. ಆದರೆ ನೂರು ವರ್ಷದ ಹಿಂದೆ ಲಂಡನ್ನಿನಿಂದ ಲಾಹೋರಿನ ತನಕ ಟಾಮಿ ಅಂದ್ರೆ ಒಬ್ಬನೇ: ಬ್ರಿಟಿಷ್ ಸೈನ್ಯದ ಸಾಮಾನ್ಯ ಸಿಪಾಯಿ.

ಈ ಹೆಸರಿನ ಮೂಲ ಯುದ್ಧಭೂಮಿಯಲ್ಲಿಲ್ಲ, ಒಂದು ಫಾರ್ಮ್‌ನಲ್ಲಿದೆ. 1815ರಲ್ಲಿ ಬ್ರಿಟನ್ನಿನ ವಾರ್ ಆಫೀಸ್ ಪ್ರತಿ ಸೈನಿಕನಿಗೂ ಒಂದು ಲೆಕ್ಕದ ಪುಸ್ತಕ ಇರಬೇಕು ಅಂತ ನಮೂನೆ ಹೊರಡಿಸಿತು. ಅದನ್ನು ಹೇಗೆ ತುಂಬಬೇಕು ಅಂತ ತೋರಿಸೋಕೆ ಒಂದು ಸ್ಯಾಂಪಲ್ ಹೆಸರು ಬೇಕಾಯ್ತಲ್ಲ, ಅಲ್ಲಿ 'ಥಾಮಸ್ ಅಟ್ಕಿನ್ಸ್' ಅಂತ ಹಾಕಿದರು. ಸಹಿಯ ಜಾಗದಲ್ಲಿ ಒಂದು ಇಂಟು ಮಾರ್ಕು. ಯಾಕೆಂದರೆ ಸೈನ್ಯಕ್ಕೆ ಸೇರೋ ಹುಡುಗರಲ್ಲಿ ತುಂಬಾ ಜನಕ್ಕೆ ಹೆಸರು ಬರೆಯೋಕೆ ಬರ್ತಿರಲಿಲ್ಲ. ನಮ್ಮ ಹೆಬ್ಬೆಟ್ಟು ಒತ್ತೋದಕ್ಕೆ ಅವರ ಸಮಾನಾರ್ಥಕ ಪದ ಅಂದುಕೊಳ್ಳಿ. ಥಾಮಸ್‌ಗೆ ಇಂಗ್ಲಿಷಿನ ಮುದ್ದಿನ ರೂಪ ಟಾಮಿ. ಹೀಗೆ ಲಕ್ಷಾಂತರ ಸೈನಿಕರಿಗೆ ಬಂದ ಹೆಸರು ಯಾರದ್ದೂ ಅಲ್ಲದ ಹೆಸರು. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ, ಇಡೀ ಬ್ರಿಟಿಷ್ ಸೈನ್ಯವನ್ನು ಜಗತ್ತು 'ಟೆಸ್ಟ್ ಯೂಸರ್' ಅಂತ ಕರೆಯಿತು.

ಇದಕ್ಕೊಂದು ಚಂದದ ಕಥೆಯೂ ಇದೆ. 1794ರ ಯುದ್ಧದಲ್ಲಿ ಥಾಮಸ್ ಅಟ್ಕಿನ್ಸ್ ಅನ್ನೋ ಸೈನಿಕ ಗಾಯಗೊಂಡು ಸಾಯುವಾಗಲೂ ಗೊಣಗಲಿಲ್ಲವಂತೆ. ಅದನ್ನು ನೋಡಿದ ವೆಲ್ಲಿಂಗ್ಟನ್ ಮುಂದೆ ಫಾರ್ಮ್‌ಗೆ ಹೆಸರು ಕೇಳಿದಾಗ ಅವನನ್ನೇ ನೆನಪಿಸಿಕೊಂಡನಂತೆ. ಅದೇ ವೆಲ್ಲಿಂಗ್ಟನ್, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿದ್ದ ಆರ್ಥರ್ ವೆಲ್ಲೆಸ್ಲಿ. ಕಥೆ ಚೆನ್ನಾಗಿದೆ, ದಾಖಲೆಯ ಬೆಂಬಲ ಇಲ್ಲ. ಆದರೆ ಇಂಥ ಕಥೆ ಯಾಕೆ ಹುಟ್ಟಿತು ಅನ್ನೋದು ಅರ್ಥ ಆಗುತ್ತೆ. ಫಾರ್ಮ್‌ನ ಖಾಲಿ ಹೆಸರಿಗೆ ಒಂದು ಮುಖ ಬೇಕಿತ್ತು.

ಆ ಲೆಕ್ಕದ ಪುಸ್ತಕದಲ್ಲಿ ಏನಿರ್ತಿತ್ತು? ಕಟಾವು. ದಿನಕ್ಕೆ ಒಂದು ಶಿಲ್ಲಿಂಗ್ ಸಂಬಳ ಅಂತ ಆಸೆ ತೋರಿಸಿ ಸೇರಿಸಿಕೊಳ್ತಿದ್ದರು. ಊಟಕ್ಕೆ, ಬಟ್ಟೆ ಒಗೆಯೋದಕ್ಕೆ, ಕಳೆದ ಸಾಮಾನಿಗೆ ಅಂತ ಹಿಡಿದುಕೊಂಡ ಮೇಲೆ ಕೈಗೆ ಬರ್ತಿದ್ದದ್ದು ಪುಡಿಗಾಸು. ಸಿಟಿಸಿಗೂ ಟೇಕ್ ಹೋಮ್‌ಗೂ ಇರೋ ಅಂತರದ ಬಗ್ಗೆ ಗೊಣಗೋರು ನಾವೇ ಮೊದಲಲ್ಲ. ವ್ಯತ್ಯಾಸ ಏನಂದ್ರೆ ಅವನಿಗೆ ನೋಟಿಸ್ ಪೀರಿಯಡ್ ಇರಲಿಲ್ಲ. 1847ರಲ್ಲಿ ಕಾನೂನು ಬದಲಾಗೋ ತನಕ ಸೈನ್ಯ ಸೇರೋದು ಅಂದ್ರೆ ಹೆಚ್ಚೂಕಡಿಮೆ ಜೀವಮಾನದ ಕರಾರು.

ಟಾಮಿ ಅವನಿಗೆ ಅವನ ಊರಲ್ಲೇ ಸಿಕ್ಕ ಹೆಸರು. ಅವನು ಕೋವಿ ಹಿಡಿದು ಹೋಗಿ ನಿಂತ ಊರುಗಳಲ್ಲಿ ಬೇರೆ ಬೇರೆ ಹೆಸರು ಸಿಕ್ಕವು. ಅಲ್ಲಿಯವರಿಗೆ ಮೊದಲು ಕಂಡದ್ದು ಅವನ ಕೋಟಿನ ಬಣ್ಣ.

1645ರಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿದ 'ನ್ಯೂ ಮಾಡೆಲ್ ಆರ್ಮಿ'ಯ ಕಾಲದಿಂದ ಕೆಂಪು ಕೋಟು ಇಂಗ್ಲಿಷ್ ಕಾಲಾಳುವಿನ ಗುರುತು. ಮಂಜಿಷ್ಠದ ಬೇರಿನಿಂದ ತೆಗೆಯೋ ಕೆಂಪು ಬಣ್ಣ ಅಗ್ಗಕ್ಕೆ ಸಿಗ್ತಿತ್ತು, ಅಷ್ಟೇ. ಅಧಿಕಾರಿಗಳ ಕೋಟಿಗೆ ಮಾತ್ರ ದುಬಾರಿ ಕಡುಗೆಂಪು. ಅಮೆರಿಕ ಇನ್ನೂ ಬ್ರಿಟಿಷರ ಕೈಯಲ್ಲಿದ್ದಾಗ ಬೋಸ್ಟನ್ ಊರಿನ ಜನ ಈ ಸೈನಿಕರಿಗೆ ಇಟ್ಟ ಹೆಸರು 'ಲಾಬ್‌ಸ್ಟರ್'. ಆ ಸೀಗಡಿ ಜಾತಿಯ ಪ್ರಾಣಿ ಬೇಯಿಸಿದಾಗ ಕೆಂಪಾಗುತ್ತಲ್ಲ, ಅದಕ್ಕೆ. ಇನ್ನೊಂದು ಹೆಸರು ಇದಕ್ಕಿಂತ ಕ್ರೂರ: 'ರಕ್ತದ ಬೆನ್ನಿನವರು'. ಇದು ಕೋಟಿನ ಬಣ್ಣ ಅಲ್ಲ, ಕೋಟಿನ ಕೆಳಗಿರೋ ಬಾಸುಂಡೆ. ಸಣ್ಣಪುಟ್ಟ ತಪ್ಪಿಗೂ ಬ್ರಿಟಿಷ್ ಸೈನ್ಯದಲ್ಲಿ ನೂರಾರು ಛಡಿಯೇಟು ಹೊಡೆಸ್ತಿದ್ದರು, ಅದೂ ಇಡೀ ರೆಜಿಮೆಂಟನ್ನು ನಿಲ್ಲಿಸಿ ಎಲ್ಲರ ಕಣ್ಣೆದುರು.

ಬೋಸ್ಟನ್‌ನಲ್ಲಿ ಈ ಹೆಸರುಗಳು ರಕ್ತಪಾತದ ದಿನವೂ ಕೇಳಿಬಂದವು. ಸಂಬಳ ಸಾಲದ ಸೈನಿಕರು ಬಿಡುವಿನ ವೇಳೆ ಊರಲ್ಲಿ ಕೂಲಿ ಹುಡುಕ್ತಿದ್ದರು. ಕಡಿಮೆ ಕೂಲಿಗೆ ಒಪ್ಪಿಕೊಳ್ತಾರೆ ಅಂತ ಊರ ಕೆಲಸಗಾರರಿಗೆ ಇವರ ಮೇಲೆ ಸಿಟ್ಟು. 1770ರ ಮಾರ್ಚ್ 2ರಂದು ಹಗ್ಗ ಹೊಸೆಯೋ ಕಾರ್ಖಾನೆಗೆ ಕೆಲಸ ಕೇಳಿಕೊಂಡು ಬಂದ ಸೈನಿಕನಿಗೆ ಅಲ್ಲಿದ್ದವನೊಬ್ಬ 'ನಮ್ಮ ಕಕ್ಕಸು ತೊಳಿ ಬಾ' ಅನ್ನೋ ಅರ್ಥದಲ್ಲಿ ಹಂಗಿಸಿದ. ಹೊಡೆದಾಟ ಆಯ್ತು. ಮೂರು ದಿನ ಬಿಟ್ಟು, ಮಾರ್ಚ್ 5ರ ರಾತ್ರಿ, ಹಿಮದಲ್ಲಿ ನಿಂತ ಸೈನಿಕರ ಸುತ್ತ ಜನ ಸೇರಿದರು. ಮಂಜಿನ ಉಂಡೆ, ಕೋಲು, ಜೊತೆಗೆ ಲಾಬ್‌ಸ್ಟರ್, ರಕ್ತದ ಬೆನ್ನು ಅನ್ನೋ ಬೈಗುಳ. ಸೈನಿಕರು ಗುಂಡು ಹಾರಿಸಿದರು, 5 ಜನ ಸತ್ತರು. ಅಮೆರಿಕದ ಚರಿತ್ರೆಯಲ್ಲಿ ಇದು ಬೋಸ್ಟನ್ ಹತ್ಯಾಕಾಂಡ. ಆ ಸೈನಿಕರ ಪರ ವಾದ ಮಾಡಿದ ವಕೀಲ ಜಾನ್ ಆಡಮ್ಸ್ ಮುಂದೆ ಅಮೆರಿಕದ ಎರಡನೇ ಅಧ್ಯಕ್ಷನಾದ. ಕಕ್ಕಸು ತೊಳಿ ಅನ್ನಿಸಿಕೊಂಡವನೂ ಬಡವ, ಅಂದವನೂ ಬಡವ. ಒಬ್ಬನ ಮೈಮೇಲೆ ಕೆಂಪು ಕೋಟಿತ್ತು, ಕೈಯಲ್ಲಿ ಕೋವಿ ಇತ್ತು.

ಇನ್ನು ನಮ್ಮ ಕಡೆ ಬರೋಣ. ಇಲ್ಲಿ ಕೋಟಿನ ಬಣ್ಣ ನೋಡಿ ಹೆಸರಿಡೋದು ಅಷ್ಟು ಸುಲಭ ಇರಲಿಲ್ಲ, ಯಾಕೆಂದರೆ ಕುಂಪಣಿ ಸರ್ಕಾರ ನಮ್ಮವರಿಗೂ ಅದೇ ಕೆಂಪು ಕೋಟು ತೊಡಿಸಿತ್ತು. 1757ರಲ್ಲಿ ರಾಬರ್ಟ್ ಕ್ಲೈವ್ ಬಂಗಾಳದಲ್ಲಿ ಕಟ್ಟಿದ ಮೊದಲ ದೇಶೀ ತುಕಡಿಯ ಹೆಸರೇ 'ಲಾಲ್ ಪಲ್ಟನ್'. ಆದರೂ ಮೀರತ್, ಅಂಬಾಲ, ರಾವಲ್ಪಿಂಡಿಗಳ ದಂಡು ಪ್ರದೇಶದಲ್ಲಿ ಇವತ್ತಿಗೂ 'ಲಾಲ್ ಕುರ್ತಿ' ಅನ್ನೋ ಬಜಾರುಗಳಿವೆ. ಬ್ರಿಟಿಷ್ ಕಾಲಾಳುಗಳ ಕೆಂಪು ಅಂಗಿಯೇ ಊರಿನ ಹೆಸರಾಗಿ ಉಳಿದಿದೆ. ಬೆಂಗಳೂರಿನವರಂತೂ 'ಬೆಂಗಳೂರು ದಂಡು' ಅಂತ ಬರೆದಿರೋ ರೈಲ್ವೆ ಸ್ಟೇಷನ್ನಿನಲ್ಲಿ ದಿನಾ ಇಳಿದು ಆಫೀಸಿಗೆ ಹೋಗ್ತಾರೆ. 1809ರ ಹೊತ್ತಿಗೆ ಶ್ರೀರಂಗಪಟ್ಟಣದ ಮಲೇರಿಯಾ ತಾಳಲಾರದೆ ಬ್ರಿಟಿಷರು ಇಲ್ಲಿಗೆ ತಂದು ನಿಲ್ಲಿಸಿದ ದಂಡು ಅದು.

ಹಾಗಾದ್ರೆ ಆ ದಂಡಿನೊಳಗಿನ ಬಿಳಿಯನಿಗೆ ಏನಂತಿದ್ದರು? ಹಳೆಯ ಮಾತು ಒಂದಿತ್ತು: ಪರಂಗಿ. ಯುರೋಪಿನ 'ಫ್ರಾಂಕ್' ಜನರ ಹೆಸರು ಅರಬರ, ಪರ್ಷಿಯನ್ನರ ಬಾಯಲ್ಲಿ ಫಿರಂಗಿಯಾಗಿ, ನಮ್ಮಲ್ಲಿ ಪರಂಗಿಯಾಯ್ತು. ಪಪ್ಪಾಯ ಹಡಗು ಹತ್ತಿ ಬಂದದ್ದರಿಂದ ಅದೂ ಪರಂಗಿ ಹಣ್ಣು. ಆದರೆ ಸಿಪಾಯಿಗೆ ಅಂತಲೇ ಇದ್ದ ಉತ್ತರ ಭಾರತದ ಪದ 'ಗೋರಾ'. ಮೇಲ್ನೋಟಕ್ಕೆ ಬಿಳಿ ಮೈಯವನು ಅಂತಷ್ಟೇ ಅರ್ಥ. 1886ರಲ್ಲಿ ಬಂದ 'ಹಾಬ್ಸನ್-ಜಾಬ್ಸನ್' ಅನ್ನೋ ಆಂಗ್ಲೋ-ಇಂಡಿಯನ್ ಪದಕೋಶ ತೆಗೆದು ನೋಡಿದರೆ ವಿಷಯ ಬೇರೆ. ಅದನ್ನು ಮಾಡಿದವರು ಹೆನ್ರಿ ಯೂಲ್ ಮತ್ತು ನಮ್ಮ ಮಂಗಳೂರಿನಲ್ಲೂ ಜಡ್ಜ್ ಆಗಿದ್ದ ಎ. ಸಿ. ಬರ್ನೆಲ್. ಅವರ ಪ್ರಕಾರ ಗೋರಾ ಅಂದ್ರೆ ಬಿಳಿಯ ಸೈನಿಕ, ಅಥವಾ ಸಾಹೇಬ ಅಲ್ಲದ ಯಾವನೇ ಯುರೋಪಿಯನ್.

ಸಾಹೇಬ ಅಲ್ಲದ ಬಿಳಿಯ! ಇದು ಎಷ್ಟು ಸೂಕ್ಷ್ಮ ಗಮನಿಸಿ. ಆಳುವವರು ಎಲ್ಲ ಬಿಳಿಯರೂ ಒಂದೇ, ಎಲ್ಲರೂ ದೊರೆಗಳು ಅಂತ ತೋರಿಸಿಕೊಳ್ಳೋಕೆ ಹೆಣಗಾಡ್ತಿದ್ದಾಗ, ಕುದುರೆ ಲಾಯದವರು, ಅಡುಗೆಯವರು, ಬಜಾರಿನವರು ಆ ಬಿಳಿಯರೊಳಗಿನ ಮೇಲು-ಕೀಳನ್ನು ಒಂದೇ ಪದದಲ್ಲಿ ಹಿಡಿದಿಟ್ಟಿದ್ದರು. ಮೇಲು-ಕೀಳಿನ ವಿಷಯದಲ್ಲಿ ನಮಗೆ ಪಾಠ ಹೇಳಿಕೊಡಬೇಕಾ? ಕ್ಲಬ್ಬಿಗೆ ಹೋಗೋನು ಸಾಹೇಬ, ಬ್ಯಾರಕ್ಕಿನಲ್ಲಿ ಬೇಯೋನು ಗೋರಾ.

ಬೇಯೋದು ಅನ್ನೋದು ಬರೀ ಮಾತಲ್ಲ. ಭಾರತದಲ್ಲಿನ ಸೈನ್ಯದ ಆರೋಗ್ಯದ ಬಗ್ಗೆ 1863ರಲ್ಲಿ ವರದಿ ಕೊಟ್ಟ ರಾಯಲ್ ಕಮಿಷನ್ ಲೆಕ್ಕದ ಪ್ರಕಾರ, ಇಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಜನ ಸಾಯ್ತಿದ್ದರು. ಫ್ಲಾರೆನ್ಸ್ ನೈಟಿಂಗೇಲ್ ಹಿಂದೆ ಬಿದ್ದು ಮಾಡಿಸಿದ ಕೆಲಸ ಅದು. ಹೆಚ್ಚಿನ ಸಾವಿಗೆ ಕಾರಣ ಶತ್ರುವಲ್ಲ. ಜ್ವರ, ಆಮಶಂಕೆ, ಕಾಲರಾ, ಕುಡಿತ. ಇನ್ನೊಂದು ವಿಚಿತ್ರ ಕೇಳಿ. 1835ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ದೇಶೀ ಸಿಪಾಯಿಗಳಿಗೆ ಛಡಿಯೇಟು ನಿಲ್ಲಿಸಿದ. ಗೋರಾಗಳಿಗೆ ನಿಲ್ಲಲಿಲ್ಲ. ಹತ್ತು ವರ್ಷ, ಅಂದ್ರೆ 1845ರಲ್ಲಿ ಅದನ್ನು ಮತ್ತೆ ಜಾರಿಗೆ ತರೋ ತನಕ, ಒಂದೇ ದಂಡಿನಲ್ಲಿ ಕರಿಯನ ಬೆನ್ನಿಗೆ ರಕ್ಷಣೆ ಇತ್ತು, ಬಿಳಿಯನ ಬೆನ್ನಿಗೆ ಇರಲಿಲ್ಲ. ಬ್ರಿಟಿಷ್ ಸೈನ್ಯದಲ್ಲಿ ಛಡಿಯೇಟು ಪೂರ್ತಿ ಹೋಗಿದ್ದು 1881ರಲ್ಲಿ.

ಇಂಥ ಬದುಕಿನಲ್ಲಿ ಸೈನಿಕರೂ ತಮ್ಮತಮ್ಮಲ್ಲೇ ಹೆಸರಿಟ್ಟುಕೊಂಡು ನಗಾಡ್ತಿದ್ದರು, ಅದಕ್ಕೆ ಪದಗಳನ್ನು ಎತ್ತಿಕೊಂಡದ್ದು ನಮ್ಮಿಂದ. ದೀರ್ಘ ಸೇವೆಯ ಪದಕಕ್ಕೆ 'ರೂಟಿ ಗಾಂಗ್' ಅಂತಿದ್ದರು. ರೂಟಿ ಅಂದ್ರೆ ರೊಟ್ಟಿಯೇ. ಇಷ್ಟು ವರ್ಷ ಸೈನ್ಯದ ರೊಟ್ಟಿ ತಿಂದಿದ್ದಕ್ಕೆ ಕೊಟ್ಟ ಬಿಲ್ಲೆ ಅಂತ ತಮಾಷೆ. ತಾಯ್ನಾಡಿಗೆ 'ಬ್ಲೈಟಿ' ಅಂದರು. ಅದು ನಮ್ಮ ವಿಲಾಯಿತಿ. ನಾವು ಹಡಗಿನಲ್ಲಿ ಬಂದದ್ದಕ್ಕೆಲ್ಲ ಸೀಮೆಎಣ್ಣೆ, ಸೀಮೆಸುಣ್ಣ ಅಂದ ಹಾಗೆ ಉತ್ತರದವರು ವಿಲಾಯಿತಿ ಅಂತಿದ್ದರು. ತನ್ನ ಊರಿಗೆ ಹೆಸರಿಡೋಕೂ ಟಾಮಿಗೆ ಬಜಾರಿನ ಪದವೇ ಬೇಕಾಯ್ತು. ನಾಸಿಕದ ಹತ್ತಿರ ದೇವಲಾಲಿ ಅನ್ನೋ ಕ್ಯಾಂಪ್ ಇತ್ತು, ಅವಧಿ ಮುಗಿದವರು ಊರಿಗೆ ಹೋಗೋ ಹಡಗಿಗಾಗಿ ಕಾಯೋ ಜಾಗ. ಹಡಗು ಓಡ್ತಿದ್ದದ್ದು ಚಳಿಗಾಲದಲ್ಲಿ ಮಾತ್ರ. ತಪ್ಪಿದರೆ ತಿಂಗಳುಗಟ್ಟಲೆ ಕೆಲಸವಿಲ್ಲದೆ ಕೂರಬೇಕು. ಬಿಸಿಲು, ಬೇಸರ, ಸಾರಾಯಿ. ತಲೆ ಕೆಟ್ಟವನನ್ನು 'ಡೂಲಾಲಿ ಟ್ಯಾಪ್' ಅಂತ ಕರೆದರು. ಡೂಲಾಲಿ ಅಂದ್ರೆ ದೇವಲಾಲಿ, ಟ್ಯಾಪ್ ಅಂದ್ರೆ ನಮ್ಮ ತಾಪ, ಜ್ವರ. ಇಂಗ್ಲಿಷ್ ಮಾತಾಡೋರು ಇವತ್ತಿಗೂ ಹುಚ್ಚು ಹಿಡಿದವನನ್ನು ಡೂಲಾಲಿ ಅಂತಾರೆ. ಮಾನಸಿಕ ಆರೋಗ್ಯಕ್ಕೆ ಹೆಲ್ಪ್‌ಲೈನ್ ಇಲ್ಲದ ಕಾಲದಲ್ಲಿ ಕಾಯಿಲೆಗೆ ಸಿಕ್ಕಿದ್ದು ಒಂದು ಜೋಕು ಮಾತ್ರ.

ಹೊಟ್ಟೆಯ ಮೇಲೂ ಹೆಸರು ಬಂತು. ಮದ್ರಾಸ್ ಪ್ರೆಸಿಡೆನ್ಸಿಯ ಬಿಳಿಯ ಅಧಿಕಾರಿಗಳನ್ನು ಉಳಿದವರು 'ಮಲ್' ಅಂತ ಛೇಡಿಸ್ತಿದ್ದರು. ಅದು 'ಮಲ್ಲಿಗಟಾನಿ'ಯ ತುಂಡು, ತಮಿಳಿನ ಮಿಳಗು ತಣ್ಣೀರ್, ನಮ್ಮ ಮೆಣಸಿನ ಸಾರು. ಬೆಂಗಳೂರು ದಂಡು ಮದ್ರಾಸ್ ಸೈನ್ಯದ ಕೈಯಲ್ಲಿತ್ತಾದ್ದರಿಂದ ಇಲ್ಲಿನ ಸಾಹೇಬರೂ ಸಾರಿನವರೇ. ಬಾಂಬೆಯವರು 'ಡಕ್', ಬಾಂಬೆ ಡಕ್ ಅನ್ನೋ ಒಣಮೀನಿನಿಂದ. ಮಲ್ಲಿಗಟಾನಿ ಪದಕ್ಕೆ ಹಾಬ್ಸನ್-ಜಾಬ್ಸನ್ ಕೊಡೋ 1784ರ ಉದಾಹರಣೆ ಬರೋದು ಬೆಂಗಳೂರಿನ ಜೈಲಿನಿಂದ. ಹೈದರ್-ಟಿಪ್ಪು ಕಾಲದ ಯುದ್ಧದಲ್ಲಿ ಸೆರೆ ಸಿಕ್ಕ ಇಂಗ್ಲಿಷ್ ನೌಕಾಪಡೆಯವನೊಬ್ಬ, ಇಲ್ಲಿ ಸಾರು-ಗಂಜಿ ಕುಡಿಯೋ ತನ್ನ ಹಣೆಬರಹದ ಬಗ್ಗೆ ಕಟ್ಟಿದ ಹಾಡು ಅದು. ಕೈದಿಯ ಊಟ ನೂರು ವರ್ಷದಲ್ಲಿ ಆಳುವವರ ಅಡ್ಡಹೆಸರಾಗಿತ್ತು.

ಇಲ್ಲಿಯ ತನಕ ಹೇಳಿದ ಹೆಸರುಗಳಲ್ಲಿ ಕೀಟಲೆ ಇದೆ, ಸಿಟ್ಟಿದೆ, ಅಸಹಾಯಕತೆ ಇದೆ. ಬೋಸ್ಟನ್ನಿನ ಲಾಬ್‌ಸ್ಟರ್‌ನಿಂದಾಗಲಿ ಮೀರತ್ತಿನ ಗೋರಾದಿಂದಾಗಲಿ ಕರೆದವನ ಬಲವೇನೂ ಹೆಚ್ಚಲಿಲ್ಲ. ಕೋವಿ ಹಿಡಿದವನು ಎದುರಿನವನಿಗೆ ಹೆಸರಿಟ್ಟಾಗ ಏನಾಗುತ್ತೆ ಅನ್ನೋದಕ್ಕೆ 1857ಕ್ಕೆ ಬರಬೇಕು.

ಆ ವರ್ಷ ಮಾರ್ಚ್ 29ರಂದು ಬ್ಯಾರಕ್‌ಪುರದಲ್ಲಿ ಮಂಗಲ್ ಪಾಂಡೆ ಅನ್ನೋ ಸಿಪಾಯಿ ತನ್ನ ಅಧಿಕಾರಿಗಳ ಮೇಲೆ ತಿರುಗಿಬಿದ್ದ. ಏಪ್ರಿಲ್ 8ಕ್ಕೆ ಗಲ್ಲಿಗೇರಿಸಿದರು. ಮುಂದೆ ಉತ್ತರ ಭಾರತ ಹೊತ್ತಿ ಉರಿದಾಗ ಬ್ರಿಟಿಷ್ ಸೈನಿಕರು ಎದುರಾಳಿಗಳಿಗೆಲ್ಲ ಇಟ್ಟ ಹೆಸರು 'ಪ್ಯಾಂಡಿ'. ಅದಕ್ಕೂ ಮೊದಲು ದೇಶೀ ಸಿಪಾಯಿಯನ್ನು ಅವರು ಸಲಿಗೆಯಿಂದ 'ಜ್ಯಾಕ್ ಸಿಪಾಯಿ' ಅಂತ ಕರೀತಿದ್ದರು. ಜ್ಯಾಕ್ ಕೆಲವೇ ವಾರದಲ್ಲಿ ಪ್ಯಾಂಡಿಯಾದ. ಅವನು ಅವಧದ ಬ್ರಾಹ್ಮಣನೋ, ರಜಪೂತನೋ, ಮುಸಲ್ಮಾನನೋ, ದಂಗೆ ಎದ್ದವನೋ, ಸುಮ್ಮನೆ ದಾರಿಯಲ್ಲಿ ಸಿಕ್ಕ ರೈತನೋ, ಯಾವುದೂ ಲೆಕ್ಕಕ್ಕಿಲ್ಲ. ಮದ್ರಾಸಿನಿಂದ ಹೋದ 'ಮದ್ರಾಸ್ ಫ್ಯುಸಿಲಿಯರ್ಸ್' ಅನ್ನೋ ಬಿಳಿಯರ ರೆಜಿಮೆಂಟಿಗೆ ಟೋಪಿಯ ಬಣ್ಣದಿಂದ 'ನೀಲಿ ಟೋಪಿಯವರು' ಅಂತ ಹೆಸರಿತ್ತು. ಅವರ ನಾಯಕ ಜೇಮ್ಸ್ ನೀಲ್ ಅಲಹಾಬಾದಿನಲ್ಲೂ ಕಾನ್ಪುರದಲ್ಲೂ ಮಾಡಿದ ಕ್ರೌರ್ಯ ಬ್ರಿಟಿಷರ ಬರಹಗಳಲ್ಲೇ ಇದೆ. ಮದ್ರಾಸಿನ ಮೌಂಟ್ ರೋಡಿನಲ್ಲಿ ಅವನ ಪ್ರತಿಮೆ ನಿಲ್ಲಿಸಿದರು. ಅದನ್ನು ತೆಗೀರಿ ಅಂತ 1927ರಲ್ಲಿ ಸತ್ಯಾಗ್ರಹ ನಡೀತು, ರಾಜಾಜಿ ಸರ್ಕಾರ ಬಂದ ಮೇಲೆ 1937ರಲ್ಲಿ ಅದು ಮ್ಯೂಸಿಯಂ ಸೇರಿತು. ಒಬ್ಬನ ಹೆಸರಿಗೆ ಕಂಚಿನ ಪ್ರತಿಮೆ. ಅವನ ಕೈಯಲ್ಲಿ ಸತ್ತವರಿಗೆಲ್ಲ ಸೇರಿ ಒಂದೇ ಹೆಸರು, ಪ್ಯಾಂಡಿ.

ಅದೇ 1857ರ ನವೆಂಬರಿನಲ್ಲಿ, ಈಗಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಿ ಅನ್ನೋ ಆಜ್ಞೆಗೆ ಬಗ್ಗಲಿಲ್ಲ. ಕುಂಪಣಿ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು, ಸೆರೆ ಸಿಕ್ಕವರನ್ನು ಗಲ್ಲಿಗೆ ಹಾಕಿತು. ಆ ಘಟನೆಯ ಬಗ್ಗೆ ಒಂದು ಲಾವಣಿ ಇದೆ. ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಬ್ರಿಟಿಷ್ ಅಧಿಕಾರಿಯೇ, ಶಾಸನತಜ್ಞ ಜೆ. ಎಫ್. ಫ್ಲೀಟ್. ಲಾವಣಿಕಾರ ಅಲ್ಲಿ ಹೆಸರು ಹಿಡಿದು ಹೇಳ್ತಾನೆ: ಹನುಮ, ಬಾಲ, ಜಡಗ, ರಾಮ. ಅದಿಲ್ಲದಿದ್ದರೆ ಈ ನಾಲ್ವರನ್ನು ಇವತ್ತು ಎಷ್ಟು ಜನ ನೆನಪಿಟ್ಟುಕೊಳ್ತಿದ್ದರು? ಹೆಸರು ಅಳಿಸೋ ಕೆಲಸ ಒಂದು ಕಡೆ ನಡೀತಿದ್ದಾಗ ಹೆಸರು ಉಳಿಸೋ ಕೆಲಸವನ್ನು ಊರಿನ ಹಾಡುಗಾರ ಮಾಡಿದ.

ಮುಂದೆ ಕೆಂಪು ಕೋಟು ಹೋಗಿ ಖಾಕಿ ಬಂತು. ಖಾಕ್ ಅಂದ್ರೆ ಧೂಳು. 1846ರಲ್ಲಿ ಪೇಶಾವರದಲ್ಲಿ ಹ್ಯಾರಿ ಲಮ್ಸ್‌ಡೆನ್ ಕಟ್ಟಿದ 'ಗೈಡ್ಸ್' ಪಡೆಯಿಂದ ಶುರುವಾದ ಈ ಮಣ್ಣಿನ ಬಣ್ಣ, 1899ರ ಬೋಯರ್ ಯುದ್ಧದ ಹೊತ್ತಿಗೆ ಇಡೀ ಬ್ರಿಟಿಷ್ ಸೈನ್ಯದ ಬಣ್ಣವಾಗಿತ್ತು. ದಕ್ಷಿಣ ಆಫ್ರಿಕದ ಬೋಯರರು ಬ್ರಿಟಿಷ್ ಸೈನಿಕರನ್ನೇ 'ಖಾಕಿಗಳು' ಅಂದರು. ಬಿಸಿಲಿಗೆ ಕುತ್ತಿಗೆ ಸುಟ್ಟುಕೊಂಡವರು ಅಂತ 'ಕೆಂಪು ಕುತ್ತಿಗೆ' ಅಂತಲೂ ಕರೆದರು. ನಮ್ಮಲ್ಲಿ ಆ ಸೈನಿಕ ಹೋಗಿ ಎಷ್ಟೋ ವರ್ಷವಾಯ್ತು, ಖಾಕಿ ಉಳಿಯಿತು. ಇವತ್ತಿನ ಪೇಪರಿನಲ್ಲಿ 'ಖಾಕಿ' ಅಂದ್ರೆ ಪೊಲೀಸ್. ಬಟ್ಟೆಯ ಜೊತೆಗೆ ಭಯವೂ ಹೆಸರೂ ವರ್ಗಾವಣೆಯಾದವು.

1920ರಲ್ಲಿ ಐರ್ಲೆಂಡಿನ ಸ್ವಾತಂತ್ರ್ಯ ಹೋರಾಟ ಹತ್ತಿಕ್ಕೋಕೆ ಬ್ರಿಟಿಷ್ ಸರ್ಕಾರ ಮಾಜಿ ಸೈನಿಕರನ್ನು ಪೊಲೀಸ್ ಕೆಲಸಕ್ಕೆ ಇಳಿಸಿತು. ಸಮವಸ್ತ್ರ ಸಾಲದೆ ಅರ್ಧ ಖಾಕಿ, ಅರ್ಧ ಪೊಲೀಸರ ಕಡುಬಣ್ಣದ ಬಟ್ಟೆ ಹಾಕಿಸಿದರು. ಐರಿಷ್ ಜನ ಬೇಟೆನಾಯಿಗಳ ಒಂದು ಪ್ರಸಿದ್ಧ ಹಿಂಡಿನ ಹೆಸರನ್ನೇ ಇವರಿಗಿಟ್ಟರು: 'ಬ್ಲ್ಯಾಕ್ ಅಂಡ್ ಟ್ಯಾನ್ಸ್'. ಇವರ ದೌರ್ಜನ್ಯದ ಸುದ್ದಿ ಪಂಜಾಬಿನ ಜಲಂಧರ್‌ನಲ್ಲಿದ್ದ 'ಕನಾಟ್ ರೇಂಜರ್ಸ್' ಅನ್ನೋ ಐರಿಷ್ ರೆಜಿಮೆಂಟಿನವರ ಕಿವಿಗೆ ಬಿತ್ತು. ಅವರೂ ಟಾಮಿಗಳೇ. ನಮ್ಮ ಊರಲ್ಲಿ ಆ ಬಟ್ಟೆ ಹಾಕಿಕೊಂಡವರು ಮಾಡ್ತಿರೋದೇ ಇದಾದರೆ, ನಾವಿಲ್ಲಿ ಅದೇ ಬಟ್ಟೆಯಲ್ಲಿ ಯಾರ ಕೆಲಸ ಮಾಡ್ತಿದ್ದೀವಿ ಅನ್ನೋ ಪ್ರಶ್ನೆ ಅವರಿಗೆ ಬಾರದೇ ಇರುತ್ತಾ? ಜೂನ್ 28ರಂದು ಡ್ಯೂಟಿ ಮಾಡಲ್ಲ ಅಂತ ನಿಂತರು. ಬೆಟ್ಟದ ಮೇಲಿನ ಸೋಲನ್‌ಗೂ ದಂಗೆ ಹಬ್ಬಿತು. ಅಲ್ಲಿ ಮುಂದಾಳಾಗಿದ್ದ ಜೇಮ್ಸ್ ಡೇಲಿಯನ್ನು ನವೆಂಬರ್ 2ರಂದು ದಗ್ಶಾಯಿ ಜೈಲಿನಲ್ಲಿ ಬ್ರಿಟಿಷ್ ಸೈನ್ಯವೇ ಗುಂಡಿಟ್ಟು ಕೊಂದಿತು. ಐವತ್ತು ವರ್ಷದ ಮೇಲೆ, 1970ರಲ್ಲಿ, ಅವನ ಅಸ್ಥಿ ಐರ್ಲೆಂಡಿಗೆ ವಾಪಸ್ ಹೋಯ್ತು. ಸ್ಯಾಂಪಲ್ ಹೆಸರಿನ ಸೈನ್ಯದಲ್ಲಿ ಒಬ್ಬ ತನ್ನ ಸ್ವಂತ ಹೆಸರು ಉಳಿಸಿಕೊಂಡದ್ದು ಹೀಗೆ.

ಎಲ್ಲರಿಗೂ ಹಾಗಾಗಲಿಲ್ಲ. ಟಾಮಿಯನ್ನು ತನ್ನ ಪದ್ಯದಿಂದ ಜಗತ್ಪ್ರಸಿದ್ಧ ಮಾಡಿದ ಕಿಪ್ಲಿಂಗ್‌ನ ಮಗನೇ 1915ರಲ್ಲಿ ಯುದ್ಧದಲ್ಲಿ ಕಾಣೆಯಾದ. ಗುರುತು ಸಿಗದ ಸೈನಿಕರ ಗೋರಿಯ ಮೇಲೆ ಏನು ಕೆತ್ತಬೇಕು ಅಂತ ಮಾತು ಆರಿಸಿಕೊಟ್ಟವನು ಆ ತಂದೆಯೇ. ಮೊದಲ ಮಹಾಯುದ್ಧದಲ್ಲಿ ಸತ್ತ ಪ್ರತಿಯೊಬ್ಬನಿಗೂ, ಅಂತಸ್ತು ನೋಡದೆ, ಹೆಸರು ಕೆತ್ತಿಸಬೇಕು ಅನ್ನೋದು ಯುದ್ಧಸಮಾಧಿಗಳ ಆಯೋಗದ ನಿಯಮ. ಟಾಮಿಗೆ ಕೊನೆಗೂ ಒಂದು ಕಲ್ಲು, ಅದರ ಮೇಲೆ ಅವನ ಸ್ವಂತ ಹೆಸರು ಸಿಕ್ಕಿತು. ಅದೇ ಆಯೋಗ 2021ರಲ್ಲಿ ಒಪ್ಪಿಕೊಂಡಿತು: ಬ್ರಿಟಿಷ್ ಸಾಮ್ರಾಜ್ಯಕ್ಕಾಗಿ ಸತ್ತವರಲ್ಲಿ, ಹೆಚ್ಚಾಗಿ ಆಫ್ರಿಕ ಮತ್ತು ಮಧ್ಯಪ್ರಾಚ್ಯದ ಕನಿಷ್ಠ 1,16,000 ಜನರ ಹೆಸರು ಎಲ್ಲೂ ಕೆತ್ತಿಲ್ಲ. ಭಾರತೀಯರೂ ಸೇರಿದಂತೆ ಇನ್ನೂ 45,000ಕ್ಕಿಂತ ಹೆಚ್ಚು ಜನರಿಗೆ ಸಿಕ್ಕ ಗೌರವ ಬಿಳಿಯರಿಗೆ ಸಿಕ್ಕಷ್ಟಿಲ್ಲ.

ಅಷ್ಟೂ ಜನ ಯಾವುದೋ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿಯೋ, ಇಂಟು ಮಾರ್ಕು ಹಾಕಿಯೋ ಸೇರಿದ್ದವರೇ. ಅವರಿಗೆ ಫಾರ್ಮ್‌ನಲ್ಲೊಂದು ಜಾಗ ಇತ್ತು, ಕಲ್ಲಿನ ಮೇಲೆ ಇರಲಿಲ್ಲ.